ಕೌದಿಯೊಳಗಿನ ಬರ್ಫ

ಒದ್ದೆ ಕೌದಿಯ ವಾಸನೆ ಮೂಗಿಗೆ ಬಂದರೆ ಈಗಲೂ ನನ್ನ ಹಲ್ಲು ಜುಮ್ಮೆನ್ನುತ್ತವೆ.

ಅದು ಚಿಕ್ಕಮ್ಮನ ನಿಶ್ಚಿತಾರ್ಥದ ದಿನ, ಸುಡುಬೇಸಿಗೆ. ಶರಬತ್ತಿಗೆಂದು ಬಸವಕಲ್ಯಾಣದ ಐಸ್ ಫ್ಯಾಕ್ಟರಿಯಲ್ಲಿ ಬರ್ಫದ ದೊಡ್ಡ ಗಡ್ಡೆ ಕೊಂಡ ಆಯಿ, ಅಂದರೆ ನನ್ನ ಅಜ್ಜಿ, ಮನೆಯಿಂದ ತಂದಿದ್ದ ಹೊದೆಯುವ ದಪ್ಪ ಕೌದಿಯನ್ನು ಅದಕ್ಕೆ ಬಿಗಿಯಾಗಿ ಸುತ್ತಿದಳು. ನಮ್ಮೂರು ಮುಡಬಿಗೆ ಕರೆದೊಯ್ಯಲು ಬಂದಿದ್ದ ಆಟೋದವನು ನಕ್ಕ.

“ಬರ್ಫಕ್ಕ ಥಂಡಿ ಹತ್ಯಾದೇನ್ರಿ ಆಯಿ? ಮುಡಬಿ ಮುಟ್ಟೂದ್ರಾಗ ಬರೀ ನೀರು ಉಳೀತದ ನೋಡ್ರಿ.”

ನನಗೂ ನಾಚಿಕೆಯಾಯಿತು. “ಕೌದಿ ಹೊಚ್ಚಿದ್ರ ಬೆಚ್ಚಗಾಗಿ ಕರಗ್ತದ, ಆಯಿ” ಎಂದೆ.

“ಕೌದಿಗಿ ಎಲ್ಲಿಂದ ಕಾವು ಬರ್ತದ? ಥಂಡ್ಯಾಗ ನಿನ್ನ ಮೈಕಾವು ಹೊರಗ ಬಿಡಂಗಿಲ್ಲ. ಈಗ ಬಿಸಿಲಿನ ಕಾವು ಒಳಗ ಬಿಡಂಗಿಲ್ಲ” ಎಂದಳು ಆಯಿ.

ದಾರಿಯುದ್ದಕ್ಕೂ ಕೌದಿಯಿಂದ ನೀರು ತೊಟ್ಟಿಕ್ಕಿತು. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ ನೋಡಿ ಹುಬ್ಬು ಹಾರಿಸುತ್ತಿದ್ದ.

ಅಂಗಳದಲ್ಲಿ ಬೀಗರೆಲ್ಲ ಕುಳಿತಿದ್ದರು. ಆಯಿ ಕೌದಿ ಬಿಚ್ಚಿದಳು. ಬರ್ಫದ ಅಂಚು ಸವೆದಿತ್ತು, ಅಷ್ಟೇ. ಗಡ್ಡೆ ಇನ್ನೂ ನನ್ನಿಂದ ಎತ್ತಲಾಗದಷ್ಟಿತ್ತು. ಅವಳು ಒನಕೆಯಿಂದ ಒಂದೇ ಏಟು ಹಾಕಿದಳು. ಮೊದಲ ತುಂಡು ನನ್ನ ಬಾಯಿಗೆ, ಎರಡನೆಯದು ಆಟೋದವನ ಅಂಗೈಗೆ. ಅವನು ಅದನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ಕುಣಿಯತೊಡಗಿದ.

“ತಗೋಪಾ, ನಿನ್ನ ನೀರು” ಎಂದಳು ಆಯಿ.