ಬಿಟ್ಟುಹೋದ ಹೆಸರು

"ಮೊದಲ ಓದಿ ಹೇಳು. ಏನ ಬರದೈತಿ ಅಂತ ತಿಳೀದ ನಾ ಒತ್ತಂಗಿಲ್ಲ" ಎಂದು ಯಂಕವ್ವ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಹಿಂದೊಮ್ಮೆ ಎಮ್ಮೆ ಕಳೆದ ಅರ್ಜಿ ಎಂದು ನಂಬಿ ಚಾವಡಿಯಲ್ಲಿ ಹೆಬ್ಬೆಟ್ಟು ಒತ್ತಿದ್ದಳು. ಅದು ಯಾರದೋ ಹೊಡೆದಾಟದ ಸಾಕ್ಷಿ ಹೇಳಿಕೆಯಾಗಿದ್ದು, ಅವಳನ್ನು ಹಾನಗಲ್ಲಿನ ಕೋರ್ಟಿಗೆ ಮೂರು ಸಲ ಅಲೆಸಿತ್ತು. ಅಂದಿನಿಂದ ಅವಳ ಹೆಬ್ಬೆಟ್ಟು ಸುಮ್ಮನೆ ಸಿಗುವ ವಸ್ತುವಾಗಿರಲಿಲ್ಲ. ಮಗ ಗುತ್ತೆಪ್ಪ ತಿಳವಳ್ಳಿಯ ಆ ಓಣಿಯಿಂದ ಧಾರವಾಡದ ಕಾಲೇಜಿಗೆ ಹೋದ ಮೊದಲನೆಯವನಾದರೇನು, ಕಾಗದ ಕಾಗದವೇ.

ಗುತ್ತೆಪ್ಪ ವಿಧಿಯಿಲ್ಲದೆ ಓದತೊಡಗಿದ. ದೀಪಾವಳಿ ಸೂಟಿಯಲ್ಲಿ 'ನಮ್ಮೂರ ಕೆರೆ' ಎಂದು ಪ್ರಬಂಧ ಬರೆದು ತನ್ನಿ ಎಂದಿದ್ದ ಇಂಗ್ಲಿಷ್ ಪ್ರೊಫೆಸರರು ಅದರ ಜೊತೆ ನಿಯಮಗಳ ಹಾಳೆಯೊಂದನ್ನೂ ಕೊಟ್ಟಿದ್ದರು. ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು. ಎರಡು ಬೆರಳು ಅಂಚು ಬಿಡಬೇಕು. ಒಂದು ದಿನ ತಡವಾದರೂ ಮುಟ್ಟುವುದಿಲ್ಲ. ಬರೆದದ್ದು ಸ್ವಂತದ್ದಾಗಿರಬೇಕು, ಯಾರದಾದರೂ ನೆರವು ಪಡೆದಿದ್ದರೆ ಅವರ ಹೆಸರನ್ನೂ ನೆರವನ್ನೂ ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲೇ ಕಾಣಿಸಬೇಕು, ಅದು ನಿಜವೆಂದು ಪಾಲಕರು ಸಹಿ ಹಾಕಬೇಕು. ತಪ್ಪಿದವನಿಗೆ ಟರ್ಮ್ ಇಲ್ಲ, ಅಂದರೆ ಒಂದು ವರ್ಷ ಮಣ್ಣುಪಾಲು. ಈ ಕಡೆಯದನ್ನು ಅವನು ಸ್ವಲ್ಪ ಅವಸರದಿಂದಲೇ ಓದಿದ.

ಅವಸರಕ್ಕೆ ಕಾರಣವಿತ್ತು. ಹುಬ್ಬಳ್ಳಿಯ ಹಳೇ ಪುಸ್ತಕದಂಗಡಿಯಿಂದ ತಂದ ಮಾದರಿ ಪ್ರಬಂಧಗಳ ಪುಸ್ತಕದಲ್ಲಿ ಯಾವನೋ ಬಿಳಿಯ ದೊರೆ ತನ್ನೂರಿನ ಕೆರೆಯ ಬಗ್ಗೆ ಬರೆದದ್ದನ್ನು ಗುತ್ತೆಪ್ಪ ದುಂಡಗೆ ಇಳಿಸಿಕೊಂಡಿದ್ದ. ತನ್ನ ಪಾಲಿನ ಕೆಲಸ ಮಾಡಲಿಲ್ಲವೆಂದಲ್ಲ: ಚರ್ಚು ಇದ್ದಲ್ಲಿ ಗುಡಿ ಕಟ್ಟಿಸಿದ್ದ. ಹಂಸಗಳನ್ನು ಏನು ಮಾಡುವುದೆಂದು ತೋಚದೆ ಹಾಗೇ ಈಜಲು ಬಿಟ್ಟಿದ್ದ. ಪುಸ್ತಕ ಈಗ ಟ್ರಂಕಿನ ತಳದಲ್ಲಿ ಧೋತರದ ಕೆಳಗಿತ್ತು.

ಯಂಕವ್ವ ಪ್ರಬಂಧವನ್ನೂ ಹೇಳಿಸಿಕೊಂಡಳು. "ನಮ್ಮ ಕೆರ್ಯಾಗ ಹಂಸ ಎಂದ ಬಂದಿದ್ವೋ?"

"ಇಂಗ್ಲಿಷಿನ್ಯಾಗ ಬೆಳ್ಳಕ್ಕಿಗೆ ಹಂಗ ಅಂತಾರವ್ವ."

ಅವಳು ನಂಬಿದಳು. ಇಂಗ್ಲಿಷಿನ ವಿಷಯದಲ್ಲಿ ಮಗನನ್ನು ಬಿಟ್ಟು ಯಾರನ್ನು ನಂಬಬೇಕು? ಆದರೆ ಕೊನೆಯ ಪುಟದಲ್ಲಿ ಮಗ 'ಯಾರ ನೆರವೂ ಪಡೆದಿಲ್ಲ' ಎಂದು ಬರೆದದ್ದನ್ನು ಕೇಳಿ ತಡೆದು ನಿಂತಳು.

"ಯಾರೂ ನೆರವಾಗಿಲ್ಲಂತ ಹೆಂಗ ಒತ್ತಲಿ? ನೀ ಬರ್ಯಾಕ ಕುಂತಾಗ ಗದ್ದಲ ಆಗಬಾರ್ದಂತ ಎದುರಮನಿ ಫಕ್ಕೀರವ್ವ ಎರಡು ದಿನ ತನ್ನ ಮೊಮ್ಮಗನ್ನ ಹೊತಗೊಂಡು ಹಳ್ಳದ ದಂಡಿಗೆ ತಿರಿಗ್ಯಾಳ. ಆಕಿ ಹೆಸರ ಬರಿ."

ಅಲ್ಲಿಂದ ಶುರುವಾಯಿತು. ಬರೆಯುವ ಟಾಕಿನ ಬಗ್ಗಿದ ಮುಳ್ಳನ್ನು ನೆಟ್ಟಗೆ ಮಾಡಿಕೊಟ್ಟ ಮಕ್ತುಮಸಾಬ, ಗುತ್ತೆಪ್ಪನ ಬದಲು ಎತ್ತು ಮೇಯಿಸಿದ ಗುಡ್ಡಪ್ಪ ಕಾಕಾ, ಕೆರೆ ತೋಡಿದ ಕಥೆಯನ್ನು ಇಡೀ ಒಂದು ಮುಂಜಾನೆ ಹೇಳಿದ ಭರಮವ್ವಜ್ಜಿ. ಅಜ್ಜಿಯ ಕಥೆಯ ಒಂದಕ್ಷರವೂ ಪ್ರಬಂಧದಲ್ಲಿರಲಿಲ್ಲ, ಆ ಮಾತು ಬೇರೆ. ಒಂಬತ್ತು ಹೆಸರಾದವು. ಕೂಸು ಹೊತ್ತು ತಿರುಗುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಟ್ರಂಕಿನೊಳಗಿನ ದೊರೆಗೂ ಗೊತ್ತಿರಲಿಲ್ಲ. ಗುತ್ತೆಪ್ಪ ಬೆವರೊರೆಸಿಕೊಳ್ಳುತ್ತ, ಬರೆದು ಹೊಡೆದು ಹೊಡೆದು ಬರೆದು, ಅರ್ಧ ದಿನ ಕಳೆದ. ಅವ್ವ ಒಂದೊಂದೇ ಹೆಸರನ್ನು ಹೇಳಿಸಿಕೊಂಡು, ಸಮಾಧಾನವಾದ ಮೇಲೆ ಹೆಬ್ಬೆಟ್ಟು ಒತ್ತಿದಳು.

ಕಾಲೇಜು ತೆರೆದ ಮೂರನೆಯ ವಾರ ಅವನು ಹಾನಗಲ್ಲಿನತನಕ ಮೋಟಾರಿನಲ್ಲಿ, ಅಲ್ಲಿಂದ ಯಾರದೋ ಚಕ್ಕಡಿಯಲ್ಲಿ ಊರಿಗೆ ಬಂದ. ಕೈಯಲ್ಲಿ ಅದೇ ಪ್ರಬಂಧವಿತ್ತು. ಪ್ರೊಫೆಸರರು ಕೊಡುವಾಗ ಸಿಟ್ಟು ಮಾಡಿರಲಿಲ್ಲ. ನಿಮ್ಮ ಕೆರೆಯ ಹಂಸಗಳು ಕ್ಷೇಮವೇ ಎಂದಷ್ಟೇ ಕೇಳಿದ್ದರು. ಮೊದಲ ಮೂರು ಪುಟಗಳಲ್ಲಿ ಕೆಂಪು ಮಸಿಯ ಒಂದು ಚುಕ್ಕೆಯೂ ಇರಲಿಲ್ಲ. ಕೊನೆಯ ಪುಟದಲ್ಲಿ ಮಾತ್ರ ಸಾಲುಸಾಲನ್ನೂ ತಿದ್ದಿ, ಫಕ್ಕೀರವ್ವನ ಸಾಲಿನ ಪಕ್ಕದಲ್ಲಿ 'ಚೆನ್ನಾಗಿದೆ' ಎಂದು ಬರೆದಿದ್ದರು. ಕೆಳಗೆ ಇನ್ನೆರಡು ಮಾತು: 'ಒಂದು ಹೆಸರು ಬಿಟ್ಟುಹೋಗಿದೆ. ಸೇರಿಸಿ, ತಾಯಿಯ ಹೆಬ್ಬೆಟ್ಟಿನೊಂದಿಗೆ ಸೋಮವಾರ ತರತಕ್ಕದ್ದು.'

ಓದಿ ಹೇಳದೆ ಅವ್ವ ಒತ್ತುವುದಿಲ್ಲ. ಬಿಟ್ಟುಹೋದ ಹೆಸರು ಟ್ರಂಕಿನೊಳಗಿನ ದೊರೆಯದೆಂದು ಹೇಳಿದರೆ ಅವಳ ಹೆಬ್ಬೆಟ್ಟನ್ನು ತಾನು ಸುಳ್ಳಿಗೆ ಒತ್ತಿಸಿದ್ದೂ ಹೊರಬೀಳುತ್ತದೆ. ದಾರಿಯುದ್ದಕ್ಕೂ ಗುತ್ತೆಪ್ಪನಿಗೆ ಟರ್ಮಿನ ಚಿಂತೆಗಿಂತ ಅದರದೇ ನಾಚಿಕೆಯಾಗಿತ್ತು. ಹೇಳಿಯೇಬಿಡುವುದೆಂದು ಗಟ್ಟಿ ಮಾಡಿಕೊಂಡು ಬಂದಿದ್ದ. ಮತ್ತೊಮ್ಮೆ ಒತ್ತಬೇಕಂತೆ ಎಂದು ಕೇಳಿದ್ದೇ ತಡ, ಈ ಸಲ ಯಂಕವ್ವ ತಾನೇ ದೌತಿಯಿಂದ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಕೇಳಲು ಕುಳಿತಳು. ಅವನು ಆ ಎರಡು ಮಾತು ಓದಿದ.

"ಅವ್ವಾ, ಆ ಹೆಸರು..."

ಯಂಕವ್ವ ಆಗಲೇ ಇನ್ನೊಂದು ಕೈಯ ಬೆರಳು ಎಣಿಸುತ್ತಿದ್ದಳು. ಅವಳ ಮುಖ ಇಳಿದುಹೋಯಿತು.

"ಸಿದ್ದವ್ವ. ದೌತಿ ಉರುಳಿದಾಗ ಬೂದಿ ತಂದು ಹಾಳಿ ಉಳಿಸಿದಾಕಿ. ಧಾರವಾಡದಾಗ ಕುಂತ ಅವ್ರಿಗೆ ಗೊತ್ತಾತು, ಮಗ್ಗಲ ಮನ್ಯಾಗಿದ್ದ ನನಗ ನೆನಪಾಗ್ಲಿಲ್ಲ ನೋಡು."

ಗುತ್ತೆಪ್ಪ ಬಾಯಿ ತೆರೆದ. ಮಾತು ಹೊರಡುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು.

"ನೀ ಹೆಸರ ಬರದಿಡು. ಮೊದಲ ಆಕಿಗೆ ತಪ್ಪಾತಂತ ಹೇಳಿ ಬರ್ತೇನಿ, ಆಮ್ಯಾಲ ಒತ್ತತೇನಿ. ಹೋದ ಸಲ ಸುಳ್ಳು ಹಾಳಿಗೆ ಒತ್ತಿದಂಗಾತು."

ಸೀರೆಗೆ ತಾಗದಂತೆ, ಮಸಿ ಹಚ್ಚಿದ ಹೆಬ್ಬೆರಳನ್ನು ಮುಂದಕ್ಕೆ ಚಾಚಿ ಹಿಡಿದುಕೊಂಡು ಯಂಕವ್ವ ಸಿದ್ದವ್ವನ ಮನೆಯ ಕಡೆಗೆ ಹೊರಟಳು.