ಮುಂದಿನ ಸೀಟಿನ ಕಾನೂನು

ಅಲೆಕ್ಸಾಂಡ್ರಿಯಾದ ಕಡಲ ಸೇತುವೆ ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಟ್ರಾಫಿಕ್ ಅಧಿಕಾರಿ ಕೈ ಅಡ್ಡ ಹಿಡಿದು ಮದುವೆಯ ಕಾರನ್ನು ನಿಲ್ಲಿಸಿದ. ಬಾನೆಟ್ಟಿನ ತುಂಬ ಹೂವು, ಕನ್ನಡಿಗಳಿಗೆ ಬಿಳಿ ರಿಬ್ಬನ್ನು. ಒಳಗೆ ಬಗ್ಗಿ ನೋಡಿದವನು ತಬ್ಬಿಬ್ಬಾದ. ಸ್ಟೇರಿಂಗ್ ಹಿಡಿದವನು ಸ್ವತಃ ಮದುಮಗ ಶಾಕಿರ್. ಅವನ ಪಕ್ಕದಲ್ಲಿ, ತೊಡೆಯ ಮೇಲೆ ಊರುಗೋಲು ಅಡ್ಡ ಇಟ್ಟುಕೊಂಡು ಅವನ ಅಕ್ಕ ಸುಹೈರ್. ಮದುಮಗಳು ನಶ್ವಾ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಅವಳ ಪಕ್ಕ ಅವಳ ಅಮ್ಮ ತಹಾನಿ.

“ಇದೇನಯ್ಯಾ, ಮದುವೆ ಮೆರವಣಿಗೆನೋ, ಬಾಡಿಗೆ ಸವಾರಿನೋ?”

“ಕಾನೂನು ಪಾಷಾ, ಕಾನೂನು!” ಅಧಿಕಾರಿಗಳಿಗೆ ಆ ಊರಿನವರು ಕೊಡುವ ಬಿರುದನ್ನೇ ಅವನಿಗೂ ಕೊಟ್ಟು ತಹಾನಿ ಸಿಡಿದಳು. “ಇದು ಅಂಗವಿಕಲರ ರಿಯಾಯಿತಿ ಕಾರಂತೆ. ಇವಳ ತಮ್ಮನನ್ನ ಬಿಟ್ಟು ಇನ್ಯಾರೂ ಓಡಿಸಬಾರದಂತೆ. ಈ ಮಹಾರಾಣಿ ಒಳಗೆ ಕೂರದೆ ಚಕ್ರ ಉರುಳಬಾರದಂತೆ. ಹುಡುಗನ ಅಕ್ಕ ಕೂತ್ರೆ ಹುಡುಗಿ ಅಮ್ಮ ಯಾಕೆ ಕೂರಬಾರದು ಅಂತ ನಾನೂ ಹತ್ತಿ ಕೂತೆ.”

ಅಷ್ಟರಲ್ಲಿ ನೆಂಟರಿಷ್ಟರು ತುಂಬಿದ್ದ ಹಿಂದಿನ ಮೈಕ್ರೋಬಸ್ಸು ಹಾರ್ನ್ ಬಾರಿಸುತ್ತಾ ಬಂದು ಕಾರಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿತು. “ಹೂವೆಲ್ಲ ಹಾಳು ಮಾಡ್ತೀಯೇನೋ ಕತ್ತೆ!” ಎಂದು ತಹಾನಿ ಇಳಿದು ಆ ಡ್ರೈವರನ ಮೇಲೆ ಏರಿಹೋದಳು.

ಆ ಕಾನೂನನ್ನು ಮನೆಗೆ ತಂದವಳು ಸುಹೈರ್. ಕಾರು ಬರುವ ಮುಂಚೆ ಯಾರದೇ ನಿಶ್ಚಿತಾರ್ಥವಿರಲಿ, ಸಂಜೆಯ ಸಮುದ್ರದಂಡೆಯಿರಲಿ, “ಮೆಟ್ಟಿಲು ಜಾಸ್ತಿ ಸುಹೈರ್, ಮುಂದಿನ ಸಲ” ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು, ಹಾಗಾಗಿ ಜಗಳವಾಡಲೂ ಆಗುತ್ತಿರಲಿಲ್ಲ. ಅವಳ ಹೆಸರಿಗೆ ಸುಂಕವಿಲ್ಲದ ಕಾರು ಬಂದ ದಿನ, “ನಾನು ಒಳಗಿಲ್ಲದೆ ಹೊರಟ್ರೆ ಪೊಲೀಸ್ರು ಕಾರನ್ನ ಎತ್ಕೊಂಡು ಹೋಗ್ತಾರೆ” ಅಂದಳು. ಅಂದಿನಿಂದ ಮೀನಿನ ಮಾರುಕಟ್ಟೆಗೂ ಅವಳು ಬೇಕು, ಸೋದರತ್ತೆಯ ಹಲ್ಲು ಕೀಳಿಸುವುದಕ್ಕೂ ಅವಳು ಬೇಕು. ಕಾನೂನು ಅಂದಮೇಲೆ ಅಲೆಕ್ಸಾಂಡ್ರಿಯಾದ ಮೆಟ್ಟಿಲುಗಳೆಲ್ಲ ತಾವಾಗಿಯೇ ಕಡಿಮೆಯಾದವು.

ಅಧಿಕಾರಿ ಶಾಕಿರ್ ಕೊಟ್ಟ ಲೈಸೆನ್ಸನ್ನು ತಿರುವಿ ಮುರುವಿ ನೋಡಿದ. “ಎಲ್ಲ ಸರಿಯಾಗಿದೆ. ಮಾರಬಾರದು, ಬಾಡಿಗೆಗೆ ಬಿಡಬಾರದು, ಹೆಸರಿಲ್ಲದೋರು ಓಡಿಸಬಾರದು. ನಿನ್ನ ಹೆಸರು ಇದರಲ್ಲೇ ಇದೆ. ಆದ್ರೆ ಅಕ್ಕ ಯಾವಾಗಲೂ ಒಳಗೇ ಇರಬೇಕು ಅಂತ ಯಾರಪ್ಪಾ ಹೇಳಿದ್ದು? ಹಂಗೇನೂ ಇಲ್ವಲ್ಲ!”

ಶಾಕಿರ್ ಕಿವಿ ಕೆರೆದುಕೊಂಡು ಸಮುದ್ರದ ಕಡೆ ನೋಡತೊಡಗಿದ. ಕಾರು ಕೊಟ್ಟ ಕಚೇರಿಯ ಗುಮಾಸ್ತ ಇಷ್ಟನ್ನೇ ಸುಹೈರಳಿಗೆ ಹೇಳಿದ್ದ. ಉಳಿದ ಕಾನೂನನ್ನು ಮನೆಗೆ ಬರುವ ದಾರಿಯಲ್ಲಿ ಅವಳೇ ಸೇರಿಸಿಕೊಂಡಿದ್ದಳು. ನಾಳೆಯಿಂದ ಮತ್ತೆ ‘ಮುಂದಿನ ಸಲ’ ಶುರುವಾಗುತ್ತದೆ ಎಂದು ಅವಳಿಗೆ ನಿಜವಾಗಿ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹುಡುಗಿಯ ಮದುವೆಯ ದಿನವನ್ನು ಕೆಡಿಸಿದೆನಲ್ಲ ಎಂದು ನಾಚಿಕೆಯಾಯಿತು. ಆ ಊರಿನಲ್ಲಿ ಈ ಸೇತುವೆಯ ಮೇಲೆ ಗಂಡಹೆಂಡತಿ ನಿಂತು ಫೋಟೊ ತೆಗೆಸಿಕೊಳ್ಳದಿದ್ದರೆ ಮದುವೆ ಆದ ಲೆಕ್ಕವೇ ಅಲ್ಲ. ಅಲ್ಲಿಗೆ ಮದುಮಗಳನ್ನು ಅಮ್ಮನ ಪಕ್ಕ ಕೂರಿಸಿಕೊಂಡು ಹೋಗುವುದೇ?

“ನಾನು ಮೈಕ್ರೋಬಸ್ಸಲ್ಲಿ ಬರ್ತೀನಿ ಬಿಡಿ,” ಎಂದು ಅವಳು ಬಾಗಿಲಿನ ಹಿಡಿಗೆ ತಡಕಾಡಿದಳು.

ಹಿಂದಿನಿಂದ ಮದರಂಗಿಯ ಕೈಯೊಂದು ಬಂದು ಅವಳ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು. “ಅತ್ತಿಗೇ, ಅಲುಗಾಡಬೇಡಿ,” ಅಂದಳು ನಶ್ವಾ, ದನಿ ತಗ್ಗಿಸಿ. “ನೀವು ಇಳಿದ್ರೆ ಅಮ್ಮ ಮುಂದಕ್ಕೆ ಬಂದು ಕೂರ್ತಾಳೆ.”

ಅಷ್ಟರಲ್ಲಿ ತಹಾನಿ ಏದುಸಿರು ಬಿಡುತ್ತಾ ವಾಪಸ್ಸು ಬಂದಳು. “ಏನಂತೆ? ಏನಂದ್ರು ಪಾಷಾ?”

“ಕಾನೂನು ಬಹಳ ಬಿಗಿ ಅಂತೆ ಅಮ್ಮ,” ಮದುಮಗಳು ಕಣ್ಣು ಮಿಟುಕಿಸದೆ ಹೇಳಿದಳು. “ಅತ್ತಿಗೆ ಇಲ್ಲದೆ ಕಾರು ಗೇಣುದ್ದವೂ ಅಲುಗಬಾರದಂತೆ. ಮದುಮಗಳ ಅಮ್ಮ ಮಾತ್ರ ಕೂರೋ ಹಾಗೇ ಇಲ್ಲವಂತೆ.”

“ಏನು!” ತಹಾನಿ ಸೊಂಟದ ಮೇಲೆ ಕೈಯಿಟ್ಟು ಅಧಿಕಾರಿಯ ಕಡೆ ತಿರುಗಿದಳು. “ನಿಜವೇನಪ್ಪಾ?”

ಅಧಿಕಾರಿ ಮದುಮಗಳನ್ನು ನೋಡಿದ, ಊರುಗೋಲನ್ನು ನೋಡಿದ, ಕೊನೆಗೆ ತಹಾನಿಯನ್ನು ನೋಡಿದ. ಅವನಿಗೂ ಮದುವೆಯಾಗಿತ್ತು. “ಹೌದಮ್ಮಾ,” ಎಂದು ಗಂಭೀರವಾಗಿ ಲೈಸೆನ್ಸ್ ಹಿಂದಿರುಗಿಸಿದ. “ಮೊದಲನೇ ಕಲಮೇ ಅದು.”

ಸರ್ಕಾರಕ್ಕೆ ಹಿಡಿಶಾಪ ಹಾಕುತ್ತಾ ತಹಾನಿ ಮೈಕ್ರೋಬಸ್ಸು ಹತ್ತಿದಳು. ಅಲ್ಲಿ ಡೋಲು ಶುರುವಾಯಿತು, ಹೆಂಗಸರು ನಾಲಗೆ ಹೊರಳಿಸಿ ಸಂಭ್ರಮದ ಕೂಗು ಹಾಕಿದರು. ನಶ್ವಾ ತನ್ನ ದೊಡ್ಡ ಲಂಗವನ್ನು ಹಿಂದಿನ ಸೀಟಿನ ತುಂಬ ಹರಡಿಕೊಂಡು ಕೂತಳು. ಕಾರು ಸೇತುವೆಗೆ ಏರಿದಾಗ ಅವಳು ಮುಂದಕ್ಕೆ ಬಾಗಿ ಸುಹೈರಳ ಕಿವಿಯಲ್ಲಿ ಹೇಳಿದಳು:

“ಅತ್ತಿಗೇ, ಅಮ್ಮ ನಾಡಿದ್ದು ನಮ್ಮನೆಗೆ ಬರ್ತಾಳೆ. ಅಷ್ಟರೊಳಗೆ ಇನ್ನೊಂದೆರಡು ಕಲಮು ಯೋಚನೆ ಮಾಡಿಟ್ಟಿರಿ.”