ಕೂಗುವವರೆಗೆ

ಜಿಲ್ಲಾ ಕೋರ್ಟಿನಲ್ಲಿ ಜವಾನ ಬಾಗಿಲಿಗೆ ಬಂದು ದುರಗವ್ವನ ಮಗನ ಹೆಸರನ್ನು ಮೂರು ಸಲ ಕೂಗುತ್ತಿದ್ದ. ಕೊಲೆ ಕೇಸಿನಲ್ಲಿ ಅಲ್ಲಿ ಜೀವಾವಧಿ ಶಿಕ್ಷೆಯಾದ ಮೇಲೆ ಅಪೀಲು ಹೈಕೋರ್ಟಿಗೆ ಬಂದಿತ್ತು. ಇಂದು ತೀರ್ಪು. ದುರಗವ್ವ ಬೆಳಿಗ್ಗೆಯಿಂದ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಎದ್ದು ಹೋದಾಗಲೇ ಕೂಗಿಬಿಟ್ಟರೆ ಎಂದು ನೀರು ಕೂಡ ಕುಡಿದಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

ಸಂಜೆ ವಕೀಲರು ಹುಡುಕಿಕೊಂಡು ಬಂದರು.

“ಇನ್ನೂ ಕೂಗಿಲ್ರೀ ಸಾಹೇಬ್ರ.”

“ಇಲ್ಲಿ ಹೆಸರು ಕೂಗೂದಿಲ್ಲವ್ವಾ. ಬೋರ್ಡಿನ್ಯಾಗ ನಂಬರ್ ಬರತೈತಿ. ಮುಂಜಾನೆನ ಮುಗೀತು.”

“ಬಿಟ್ರೇನ್ರೀ ನನ್ನ ಮಗನ್ನ?”

“ಇಲ್ಲ. ಶಿಕ್ಷೆ ಖಾಯಂ ಆತು. ಇನ್ನ ದಿಲ್ಲಿ ಸುಪ್ರೀಂ ಕೋರ್ಟ್ ಒಂದ ಉಳದೈತಿ.”

ದುರಗವ್ವ ಸೆರಗು ಬಿಗಿದುಕೊಂಡಳು.

“ಅಲ್ಲ್ಯಾದ್ರೂ ಹೆಸರು ಕೂಗತಾರೇನ್ರೀ?”